ಹೆಗಲ ಮೇಲಿನ ಕರಿ ಕಂಬಳಿ

ಫ್ಯಾಷನ್ ಎಂದರೆ ಬದಲಾಗುವುದು ಎನ್ನುತ್ತಾರೆ. ಹಾಗಾದರೆ ಬದಲಾಗದೆ ಉಳಿದ ಉಡುಪಿಗೆ ಏನೆನ್ನಬೇಕು?

ದಸರಾ ಹೊತ್ತಿನಲ್ಲಿ ಕಡೂರು ತಾಲ್ಲೂಕಿನ ಬೀರೂರಿನಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ, ಅಂದರೆ ಭವಿಷ್ಯವಾಣಿ, ಕೇಳಲು ಜನ ನೆರೆಯುತ್ತಾರೆ. ಆ ದೇವರ ಒಕ್ಕಲಾದ ಗೊರವಯ್ಯನನ್ನು ನೋಡಿ: ಮೈಗೆ ಕರಿ ಕಂಬಳಿ, ತಲೆಗೆ ಕರಡಿ ಕೂದಲ ಟೊಪ್ಪಿಗೆ, ಕೈಯಲ್ಲಿ ಡಮರುಗ. ನಿನ್ನೆ ಹೊಲದಲ್ಲಿದ್ದವನೇ ಇಂದು ದೇವರ ಮಾತಿಗೆ ಬಾಯಿ. ಈ ಬದಲಾವಣೆ ಮಾಡಿದ್ದು ಉಡುಪೇ.

ಅದೇ ಕಂಬಳಿ ಬಯಲುಸೀಮೆಯ ಕುರಿಗಾಹಿಗೆ ಹಾಸಿಗೆ, ಹೊದಿಕೆ, ಕೊಡೆ. ತರೀಕೆರೆಯಿಂದ ಲಕ್ಕವಳ್ಳಿಯತ್ತ ಸರಿದು ಮಲೆನಾಡಿನ ಮಳೆ ಹಿಡಿದರೆ, ಮೂಲೆ ಮಡಿಚಿ ತಲೆಗೇರಿಸಿದರಾಯಿತು, ಕೊಪ್ಪೆ ಸಿದ್ಧ. ಉಣ್ಣೆಯ ಜಿಡ್ಡು ನೀರನ್ನು ಬೇಗ ಒಳಬಿಡದು. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಕಿಲ್ಲ. ಹಿಂಜಿ, ನೂತು, ಹಾಸು ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಕುಣಿಮಗ್ಗದಲ್ಲಿ ನೇಯ್ದರೆ ಆ ಬಿಗುವು ಬರುತ್ತದೆ. ಚುಚ್ಚುತ್ತದೆ, ನಿಜ, ಆದರೆ ಕೈಬಿಡುವುದಿಲ್ಲ.

ಮದುವೆ, ಹಬ್ಬಗಳಲ್ಲಿ ಇದನ್ನೇ ಮಡಿಸಿ ಹಾಸಿ ಗದ್ದಿಗೆ ಮಾಡುತ್ತಾರೆ. ಮಳೆಯಲ್ಲಿ ನೆನೆದದ್ದು ದೇವರ ಪೀಠವಾಗಲು ಯಾರ ಅಡ್ಡಿಯೂ ಇಲ್ಲ.

ನಾವು ಉಡುವುದು ಮೈ ಮುಚ್ಚಲಿಕ್ಕಷ್ಟೇ ಅಲ್ಲ. ನಾವು ಯಾರು, ಯಾರ ಒಕ್ಕಲು, ಯಾವ ನೆಲದವರು ಎಂದು ಹೇಳಲಿಕ್ಕೂ ಹೌದು. ಅಜ್ಜಂಪುರದ ಸಂತೆಗೆ ಜೀನ್ಸ್ ತೊಟ್ಟು ಬರುವ ಹುಡುಗನೂ ಹೇಳುತ್ತಿರುವುದು ಅದನ್ನೇ. ಅವನ ಮನೆಯ ಅಟ್ಟದಲ್ಲಿ ಅಜ್ಜನ ಕಂಬಳಿ ಇದ್ದರೆ, ಒಮ್ಮೆ ಇಳಿಸಿ ಹೊದ್ದು ನೋಡಲಿ.