ದಿನಾ ಬರಬೇಕೆನ್ನುವ ಚಿಕಿತ್ಸೆ

ಹೆರಾಯಿನ್‌ಗೆ ಪಂಜಾಬಿನಲ್ಲಿ 'ಚಿಟ್ಟಾ' ಎನ್ನುತ್ತಾರೆ. ಚಿಟ್ಟಾದ ಚಟ ಹತ್ತಿದವನನ್ನು ಕೆಲವು ವಾರ ವಾರ್ಡಿನಲ್ಲಿ ಕೂಡಿಹಾಕಿ, ಗುಣವಾಯಿತೆಂದು ಮನೆಗೆ ಕಳಿಸುವುದು ಬಹುಕಾಲದ ರೂಢಿ. ಊರಿಗೆ ಮರಳಿದವನು ಮತ್ತೆ ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ, ಅಷ್ಟರಲ್ಲಿ ತಾಳಿಕೆ ಕಳೆದುಕೊಂಡ ಮೈ ಅದನ್ನು ತಡೆಯದು, ಜೀವವೇ ಹೋಗಬಹುದು. 2017ರ ಅಕ್ಟೋಬರ್‌ನಲ್ಲಿ ಮೊಗಾ, ತರ್ನ್ ತಾರನ್, ಅಮೃತಸರ ಜಿಲ್ಲೆಗಳಲ್ಲಿ ಸರ್ಕಾರಿ ಹೊರರೋಗಿ ಕ್ಲಿನಿಕ್‌ಗಳನ್ನು ಆರಂಭಿಸಿದ ಪಂಜಾಬ್, ಕೊನೆಗೂ ಈ ರೂಢಿಯನ್ನು ಮುರಿಯಿತು. ವ್ಯಸನ ಬಹುಕಾಲ ಕಾಡುವ ಕಾಯಿಲೆ, ಮನೆಯಲ್ಲಿದ್ದು ದುಡಿಯುತ್ತಲೇ ಅದಕ್ಕೆ ಔಷಧಿ ತೆಗೆದುಕೊಳ್ಳಬಹುದು ಎಂಬ ಈ ನಿಲುವು ಸರಿಯಾದದ್ದೇ. ನನ್ನ ತಕರಾರಿರುವುದು ಅದನ್ನು ನಡೆಸಿದ ರೀತಿಯ ಬಗ್ಗೆ.

ಇಲ್ಲಿ ಕೊಡುವುದು ಬುಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಬೆರೆಸಿದ ಮಾತ್ರೆ. ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ, ನಾಲಿಗೆಯಡಿ ಇಟ್ಟು ಕರಗಿಸಬೇಕು. ಅಷ್ಟು ಹೊತ್ತು ರೋಗಿ ಮಾತಾಡದೆ, ಉಗುಳು ನುಂಗದೆ ಕೂರಬೇಕು. ಆಮೇಲೆ ಸಿಬ್ಬಂದಿ ಬಾಯಿ ತೆರೆಸಿ ನೋಡುತ್ತಾರೆ. ನಾಲಿಗೆಯಡಿ ಕರಗಿದಾಗ ನಲಾಕ್ಸೋನ್ ಬಹುಪಾಲು ಸುಮ್ಮನಿರುತ್ತದೆ. ಮಾತ್ರೆಯನ್ನು ಪುಡಿಮಾಡಿ ಚುಚ್ಚಿಕೊಂಡರೆ ಮಾತ್ರ ತಿರುಗಿಬೀಳುತ್ತದೆ. ಮೊದಲ ಮಾತ್ರೆಗೂ ಹೊತ್ತುಗೊತ್ತು ನೋಡಬೇಕು. ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು ಕಾಣಿಸಿಕೊಳ್ಳುವ ಮುನ್ನ ಕೊಟ್ಟರೆ ಔಷಧಿಯೇ ಹಿಂಸೆಯಾಗುತ್ತದೆ. ಇಷ್ಟು ನಾಜೂಕಾದ ಕೆಲಸವನ್ನು ಸಣ್ಣ ಊರುಗಳ ಆಸ್ಪತ್ರೆಗಳಿಗೂ ಒಯ್ದು ನಡೆಸಿದ್ದು ಮೆಚ್ಚಬೇಕಾದ ಸಂಗತಿ.

ಮೊದಮೊದಲು ಮಾತ್ರೆ ಬೇಕೆಂದರೆ ದಿನಾ ಬರಬೇಕಿತ್ತು. ಗದ್ದೆ ಕೂಲಿಯವನು, ಲಾರಿ ಓಡಿಸುವವನು ಬೆಳಗ್ಗೆ ಸಾಲಿನಲ್ಲಿ ನಿಂತರೆ ಆ ದಿನದ ದುಡಿಮೆಗೆ ಕತ್ತರಿ. ದುಡಿಯುತ್ತಲೇ ಗುಣವಾಗು ಎನ್ನುವ ಚಿಕಿತ್ಸೆಯೇ ದುಡಿಮೆ ಬಿಡಿಸುವ ಈ ವಿಪರ್ಯಾಸ ಯೋಜನೆ ಮಾಡಿದವರಿಗೆ ಹೊಳೆಯಲಿಲ್ಲವೇ? ಕಣ್ಣು ತೆರೆಸಿದ್ದು 2020ರ ಲಾಕ್‌ಡೌನ್. ಎರಡು ವಾರದ ಮಾತ್ರೆಯನ್ನು ಮನೆಗೇ ಕೊಟ್ಟು ಕಳಿಸಲು ಶುರುಮಾಡಿದಾಗ ಹೊಸಬರು ಹಿಂಡುಹಿಂಡಾಗಿ ಹೆಸರು ಬರೆಸಿದರು. ಬೀದಿಯಲ್ಲಿ ಚಿಟ್ಟಾ ಸಿಗದಿದ್ದುದೂ ಇದಕ್ಕೊಂದು ಕಾರಣ, ಒಪ್ಪೋಣ. ಆದರೂ ಕ್ಲಿನಿಕ್‌ನಿಂದ ದೂರ ಉಳಿದವರೆಲ್ಲ ಚಿಕಿತ್ಸೆ ಬೇಡವೆಂದು ಉಳಿದವರಲ್ಲ ಎಂಬುದು ಗೊತ್ತಾಯಿತು.

ಮನೆಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ ಎಂಬ ಆತಂಕ ಸುಳ್ಳಲ್ಲ, ಮಾತ್ರೆ ಸೋರುವುದುಂಟು. ಆದರೆ ಪಂಜಾಬಿನಲ್ಲಿ ದೊಡ್ಡ ಗದ್ದಲ ಎದ್ದದ್ದು ಖಾಸಗಿ ಕೇಂದ್ರಗಳ ಲೆಕ್ಕದಲ್ಲಿ ಮಾತ್ರೆಗಳು ತಾಳೆಯಾಗದಿದ್ದಾಗ. ಹಾಗಿರುವಾಗ ಸರ್ಕಾರಿ ಸಾಲಿನಲ್ಲಿ ನಿಂತ ಬಡವನನ್ನೇ ಮೊದಲು ಅನುಮಾನಿಸುವುದು ಯಾವ ನ್ಯಾಯ? ಫ್ರಾನ್ಸ್ 1995ರಲ್ಲಿ ಬುಪ್ರೆನಾರ್ಫಿನ್ ಬರೆದುಕೊಡುವ ಅಧಿಕಾರವನ್ನು ಸಾಮಾನ್ಯ ವೈದ್ಯರ ಕೈಗೆ ಕೊಟ್ಟಿತು. ಅಲ್ಲೂ ಮಾತ್ರೆ ಸೋರಿತು. ಆದರೆ 1999ರ ಹೊತ್ತಿಗೆ ಅತಿಸೇವನೆಯ ಸಾವುಗಳು ಶೇ 79ರಷ್ಟು ಇಳಿದಿದ್ದವು. ಎರಡನ್ನೂ ತೂಗಿ ನೋಡಿದರೆ ನಾನು ಸಡಿಲಿಕೆಯ ಕಡೆಗೇ ನಿಲ್ಲುತ್ತೇನೆ.

ಯೋಜನೆಯ ನಿಜವಾದ ಬಡತನ ಬೇರೆಡೆ ಇದೆ. ಯಶಸ್ಸಿನ ಮಾತು ಬಂದಾಗ ಅಧಿಕಾರಿಗಳು ಹೇಳುವುದು ನೋಂದಣಿಯ ಸಂಖ್ಯೆ. ಹೆಸರು ಬರೆಸಿದವರಲ್ಲಿ ವರ್ಷದ ಮೇಲೂ ಔಷಧಿಗೆ ಬರುತ್ತಿರುವವರೆಷ್ಟು, ಬಿಟ್ಟುಹೋದವರನ್ನು ಹುಡುಕಿಕೊಂಡು ಹೋದವರು ಯಾರು ಎಂಬುದು ಅದರಲ್ಲಿ ಕಾಣುವುದಿಲ್ಲ. ಆಪ್ತಸಮಾಲೋಚನೆ ಕಾಗದದ ಮೇಲಿದೆ. ಜನ ಕಿಕ್ಕಿರಿದ ಬೆಳಗ್ಗೆ ಒಬ್ಬೊಬ್ಬರೊಡನೆ ಕೂತು ಮಾತಾಡಲು ಯಾರಿಗೆ ಬಿಡುವು? ಇನ್ನು ಹೆಂಗಸರು: ಊರಿನ ಗಂಡಸರೆಲ್ಲ ನಿಂತ ಆ ಸಾಲಿಗೆ ಚಟ ಹತ್ತಿದ ಹೆಣ್ಣುಮಗಳು ಬಂದು ನಿಲ್ಲುತ್ತಾಳೆಂದು ನಂಬುವುದೇ ಕಷ್ಟ. ಸಂಜೆಯ ಹೊತ್ತೂ ಬಾಗಿಲು ತೆರೆದಿಡುವುದು, ಹೆಂಗಸರಿಗೆಂದೇ ವೇಳೆ ಗೊತ್ತುಮಾಡುವುದು ದೊಡ್ಡ ಖರ್ಚಿನ ಬಾಬ್ತೇನಲ್ಲ; ಮಾಡದಿರಲು ಹಣದ ನೆಪ ಹೇಳುವಂತಿಲ್ಲ.