ಬಯಲಿನ ಕೋಲು, ವೇದಿಕೆಯ ಜಡೆ

ಕೋಲಾಟವೆಂದರೆ ಇಂದು ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜಡೆ ಕೋಲಾಟ. ಶಾಲೆಯ ವಾರ್ಷಿಕೋತ್ಸವವಿರಲಿ, ಸರಕಾರದ ಉತ್ಸವವಿರಲಿ, ಬಣ್ಣದ ಹಗ್ಗಗಳು ಜಡೆಯಾಗಿ ಹೆಣೆದುಕೊಂಡು ಮತ್ತೆ ಬಿಚ್ಚಿಕೊಳ್ಳುವಾಗ ಚಪ್ಪಾಳೆ ಬೀಳುತ್ತದೆ. ಹಗ್ಗವಿಲ್ಲದ ಸಾದಾ ಕೋಲಾಟಕ್ಕೆ ಆ ಮರ್ಯಾದೆ ಸಿಗುವುದಿಲ್ಲ. ಇವೆರಡರಲ್ಲಿ ಯಾವುದರ ಸೆಳೆತ ದೊಡ್ಡದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಕಲೆ ಇರುವುದು ನೋಡುವವರಿಗೋ ಆಡುವವರಿಗೋ ಎಂಬ ಪ್ರಶ್ನೆ ಅದರೊಳಗೇ ಇದೆ.

ಕನಕಪುರ ತಾಲೂಕಿನ ಸಾತನೂರು ಭಾಗದಲ್ಲಿ ಕುಣಿತಗಳಿಗೆ ಬರವಿಲ್ಲ. ಹತ್ತಿರದ ಕಬ್ಬಾಳಿನ ಕಬ್ಬಾಳಮ್ಮನಂತಹ ಗ್ರಾಮದೇವತೆಗಳ ಸೀಮೆಯಿದು. ಇಂತಹ ಕಡೆ ಹೆಸರಾದದ್ದು ಪೂಜಾ ಕುಣಿತ. ಬಿದಿರಿನ ಚೌಕಟ್ಟಿನ ಅಲಂಕೃತ ಪೂಜೆಯನ್ನು ತಲೆಯ ಮೇಲೆ ಹೊತ್ತು, ತಮಟೆಯ ಗತ್ತಿಗೆ ಕುಣಿಯುವ ಕಲೆಯದು. ಅದಕ್ಕೆ ಕಸುವೂ ಅಭ್ಯಾಸವೂ ಬೇಕು. ಹೊರುವವರು ಒಬ್ಬಿಬ್ಬರು, ಉಳಿದ ಊರೆಲ್ಲ ನೋಡುಗರು. ಕೋಲಾಟದ ಸ್ವಭಾವ ಬೇರೆ. ಎರಡು ಕೋಲು, ಒಂದು ತಾಳ, ಹಾಡು ಹೇಳಿಕೊಡುವ ಒಬ್ಬ ಹಿರಿಯ ಇದ್ದರೆ ಸಾಕು.

ಸಾದಾ ಕೋಲಾಟದಲ್ಲಿ ಆಟಗಾರ ತನ್ನ ಕೋಲುಗಳನ್ನು ತಾನೇ ತಟ್ಟಿ, ಎದುರಿನವನ ಕೋಲಿಗೆ ತಾಗಿಸಿ, ಮುಂದಿನವನತ್ತ ಸರಿಯುತ್ತಾನೆ. ಸುತ್ತು ಮುಗಿಯುವಷ್ಟರಲ್ಲಿ ಹಲವರ ಮುಖ ನೋಡಿರುತ್ತಾನೆ. ಹೊಸಬ ಹೆಜ್ಜೆ ತಪ್ಪಿದರೆ ಅಕ್ಕಪಕ್ಕದವರು ತಿದ್ದುತ್ತಾರೆ, ಆಟ ನಿಲ್ಲುವುದಿಲ್ಲ. ಇನ್ನೊಂದು ಜೋಡಿ ಬಂದರೆ ವೃತ್ತ ಅಗಲವಾಗುತ್ತದೆ, ಅಷ್ಟೆ. ಜಡೆ ಕೋಲಾಟದಲ್ಲಿ ಹಗ್ಗಗಳೆಷ್ಟೋ ಆಟಗಾರರೂ ಅಷ್ಟೇ. ಒಬ್ಬ ಎಡವಿದರೆ ಹೆಣಿಗೆಯೇ ಗಂಟಾಗುತ್ತದೆ. ಹೆಣೆದ ದಾರಿಯನ್ನು ನೆನಪಿಟ್ಟು ಹಿಮ್ಮುಖವಾಗಿ ಬಿಚ್ಚುವುದು ನಿಜಕ್ಕೂ ಬುದ್ಧಿಯ ಕೆಲಸ. ಅದರ ಚೆಲುವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಚೆಲುವು ಪೂರ್ತಿ ಕಾಣುವುದು ದೂರ ಕುಳಿತವರಿಗೆ.

ಅಮೆರಿಕದ ಜನಪದ ನೃತ್ಯಗಳಲ್ಲೂ ಇದೇ ಭೇದವಿದೆ. ಸ್ಕ್ವೇರ್ ಡಾನ್ಸ್‌ನಲ್ಲಿ ನಾಲ್ಕು ಜೋಡಿಗಳು ಚೌಕವಾಗಿ ನಿಂತು, ಕೂಗಿ ಹೇಳುವವನ ಮಾತಿಗೆ ತಕ್ಕಂತೆ ಹೆಜ್ಜೆ ಹಾಕುತ್ತವೆ. ಮುಂದೇನೆಂದು ತಿಳಿಯದ ಕುತೂಹಲವೇ ಅಲ್ಲಿನ ರುಚಿ. ಕಾಂಟ್ರಾ ಡಾನ್ಸ್‌ನಲ್ಲಿ ಎರಡು ಉದ್ದ ಸಾಲು. ಅದೇ ವರಸೆ ಮರಳಿ ಮರಳಿ ಬರುತ್ತದೆ, ಎದುರಿನ ಜೋಡಿ ಮಾತ್ರ ಬದಲಾಗುತ್ತಾ ಹೋಗುತ್ತದೆ. ಚೌಕಕ್ಕೆ ಎಂಟೇ ಜನ, ಸಾಲಿಗೆ ಎಷ್ಟು ಮಂದಿಯೂ ಸೇರಬಹುದು. ನಮ್ಮ ಸಾದಾ ಕೋಲಾಟ ಈ ಸಾಲಿನ ಸಂಬಂಧಿ.

ಕೋಲಿಗೆ ಮತದ ಗಡಿಯೂ ಇಲ್ಲ. ಮಲಬಾರಿನ ಮಾಪಿಳ್ಳೆ ಮುಸ್ಲಿಮರಲ್ಲಿ ಕೋಲ್ಕಳಿಯಿದೆ, ಗುಜರಾತಿನಲ್ಲಿ ದಾಂಡಿಯಾ ಇದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಕೋಲ್ಕಳಿ ಸ್ಪರ್ಧೆಯ ವಿಷಯವೂ ಹೌದು. ಸ್ಪರ್ಧೆ ಕಲೆಯನ್ನು ಉಳಿಸಬಹುದು. ಆದರೆ ತೀರ್ಪುಗಾರರ ಮುಂದೆ ಹೊಸಬನಿಗೆ ಜಾಗವಿರುವುದಿಲ್ಲ.

ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿ ಮಾಡಿದ ಉಪಕಾರ ದೊಡ್ಡದು. ಆದರೆ ಸಂಗ್ರಹಾಲಯ ಕೋಲನ್ನು ಕಾಪಾಡಬಲ್ಲದೇ ಹೊರತು ಅದನ್ನು ಹಿಡಿಯುವ ಕೈಗಳನ್ನಲ್ಲ. ಆ ಹೊಣೆ ಊರುಗಳದು, ಶಾಲೆಗಳದು. ಜಡೆ ಕೋಲಾಟದ ಪ್ರದರ್ಶನ ಮುಗಿದ ಮೇಲೆ ಅರ್ಧ ಗಂಟೆ ಸಾದಾ ಕೋಲಾಟಕ್ಕೆ ಬಿಡಲಿ. ಹೆತ್ತವರೂ ಮೇಷ್ಟ್ರುಗಳೂ ಕೇರಿ-ಜಾತಿಯ ಲೆಕ್ಕವಿಲ್ಲದೆ ವೃತ್ತಕ್ಕೆ ಇಳಿಯಲಿ. ಪಕ್ಕದ ಕೇರಿಯವನ ಕೋಲಿಗೆ ಕೋಲು ತಾಗಿಸಲು ನಾವು ಸಿದ್ಧರಿದ್ದೇವೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ.