ವ್ಯುತ್ಕ್ರಮ: ತಿರುಗುವುದು ಭಿನ್ನರಾಶಿ, ಚಿಹ್ನೆಯಲ್ಲ

−3/4ರ ವ್ಯುತ್ಕ್ರಮ ಎಷ್ಟು ಎಂದು ತರಗತಿಯಲ್ಲಿ ಕೇಳಿ ನೋಡಿ. ಯಾರಾದರೂ 4/3 ಎಂದರೆ ಗದರಬೇಡಿ. 'ತಿರುಗಿಸಿ ಬರೆ' ಎಂದಷ್ಟೇ ಕಲಿತವರು ಚಿಹ್ನೆಯನ್ನೂ ತಿರುಗಿಸಿದರೆ ಆಶ್ಚರ್ಯವೇನು? ಗುಣಲಬ್ಧ 1 ಬರಬೇಕೆಂಬುದೇ ವ್ಯುತ್ಕ್ರಮದ ಅರ್ಥ. 1 ಧನಸಂಖ್ಯೆ, ಆದ್ದರಿಂದ ಎರಡಕ್ಕೂ ಒಂದೇ ಚಿಹ್ನೆ ಇರಲೇಬೇಕು. ಉತ್ತರ −4/3.

ತಿರುಗಿಸುವ ಸೂತ್ರ ನಮ್ಮ ಸೀಮೆಗೆ ಹೊಸದಲ್ಲ. ಶಹಾಪುರದ ಬಳಿಯ ಶಿರವಾಳವೂ ಸೇರಿದಂತೆ ಈ ನಾಡನ್ನೆಲ್ಲ ರಾಷ್ಟ್ರಕೂಟರು ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ, ಆಳುತ್ತಿದ್ದರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಭಾಜಕದ ಛೇದವನ್ನು ಅಂಶವಾಗಿಸಿ ಗುಣಾಕಾರದಂತೆ ಮಾಡಿರಿ ಎಂದು ಅದರ ಭಿನ್ನರಾಶಿಗಳ ಅಧ್ಯಾಯ ಹೇಳುತ್ತದೆ. ಎರಡು ಋಣಗಳನ್ನು ಗುಣಿಸಿದರೂ ಭಾಗಿಸಿದರೂ ಧನ, ಒಂದು ಧನ ಇನ್ನೊಂದು ಋಣವಾದರೆ ಋಣ ಎಂಬ ನಿಯಮವೂ ಗ್ರಂಥದಲ್ಲಿದೆ. ಇವೆರಡನ್ನು ಕೂಡಿಸಿ ಓದಿದರೆ ಮೇಲಿನ ಗೊಂದಲಕ್ಕೆ ಎಡೆಯೇ ಇಲ್ಲ.

ಆದರೆ ಗ್ರಂಥ ಎಡವುವುದು ಸೊನ್ನೆಯಲ್ಲಿ. ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಭಾಗಿಸಿದರೆ ಸಂಖ್ಯೆ ಬದಲಾಗದು ಎನ್ನುತ್ತಾರೆ ಆಚಾರ್ಯರು. ಭಾಗಾಕಾರವೆಂದರೆ ಹಂಚಿಕೆ ಎಂದುಕೊಂಡರೆ ಇದು ಸಹಜವಾಗಿಯೇ ತೋರುತ್ತದೆ: ಹಂಚಿಕೊಳ್ಳುವವರೇ ಇಲ್ಲದಿದ್ದರೆ 6 ಹಣ್ಣು 6 ಆಗಿಯೇ ಉಳಿಯುತ್ತವಲ್ಲ! ಆದರೆ 6 ÷ 0 = 6 ಆದರೆ 6 × 0 = 6 ಆಗಬೇಕು. ಅದು 0 ಎಂದು ಅದೇ ಶ್ಲೋಕ ಹೇಳುತ್ತಿದೆ! ಗುಣಿಸಿ ತಾಳೆ ನೋಡಿದ್ದರೆ ಸಾಕಿತ್ತು. ಯಾವ ಸಂಖ್ಯೆಯಿಂದ ಗುಣಿಸಿದರೂ ಸೊನ್ನೆ 1 ಆಗದು. ಹಾಗಾಗಿ ಸೊನ್ನೆಗೆ ವ್ಯುತ್ಕ್ರಮವಿಲ್ಲ. (ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಕಾರಣಸಹಿತ ಹೇಳಿದವರೂ ಇವರೇ ಎಂಬುದನ್ನು ಮರೆಯಬಾರದು.)

ಇನ್ನು ನಮ್ಮ ಕಾಲಕ್ಕೆ ಬರೋಣ. 2008ರಲ್ಲಿ ಪ್ರಕಟವಾದ ಎನ್‌ಸಿಇಆರ್‌ಟಿಯ 8ನೆಯ ತರಗತಿಯ ಗಣಿತ ಪುಸ್ತಕದಲ್ಲಿ ಸೊನ್ನೆಯ ವ್ಯುತ್ಕ್ರಮ, −5ರ ವ್ಯುತ್ಕ್ರಮ, ಧನ ಭಾಗಲಬ್ಧ ಸಂಖ್ಯೆಯ ವ್ಯುತ್ಕ್ರಮ, ಇವೆಲ್ಲ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಾಗಿದ್ದವು. ಪ್ರಶ್ನೆಗಳು ಒಳ್ಳೆಯವೇ, ಆದರೆ ಬಿಟ್ಟ ಸ್ಥಳದಲ್ಲಿ ಒಂದು ಪದ ಹಿಡಿಸುತ್ತದೆ, ಕಾರಣ ಹಿಡಿಸದು. ಬಾಯಿಪಾಠದವರಿಗೂ ಅರಿತವರಿಗೂ ಒಂದೇ ಅಂಕ.

ಬದಲಿಗೆ ಹೀಗೆ ಕೇಳಬಹುದು. −2/3 < −1/2. ಇವುಗಳ ವ್ಯುತ್ಕ್ರಮಗಳಲ್ಲಿ −3/2 > −2, ಕ್ರಮ ತಿರುಗಿತು. −2 < 3; ಇಲ್ಲಿ −1/2 < 1/3, ಕ್ರಮ ಉಳಿಯಿತು. ಏಕೆ? ಎರಡು ಸಾಲಿನಲ್ಲಿ ಬರೆಯಿರಿ.